41ರ ಮಂಡಿ

ಮಂಡಿಯ ಲಿಗಮೆಂಟ್ ಆಪರೇಷನ್ ಅಂದರೆ ಹರೆಯದ ಆಟಗಾರರಿಗೆ ಮಾತ್ರ ಅಂತ ತುಂಬಾ ಜನರ ನಂಬಿಕೆ. ಆದರೆ ಅದರ ಚರಿತ್ರೆ ಶುರುವಾಗಿದ್ದು ನಡುವಯಸ್ಸಿನ ಕಾರ್ಮಿಕನೊಬ್ಬನ ಮಂಡಿಯಿಂದ!

1895, ಇಂಗ್ಲೆಂಡಿನ ಲೀಡ್ಸ್. ಗಣಿಯಲ್ಲಿ ಮಣ್ಣು ಕುಸಿದು 41 ವರ್ಷದವನೊಬ್ಬನ ಮಂಡಿಯೊಳಗಿನ ಎರಡೂ ಕ್ರೂಸಿಯೇಟ್ ಲಿಗಮೆಂಟ್ ಹರಿದಿದ್ದವು. ಸರ್ಜನ್ ಮೇಯೋ ರಾಬ್ಸನ್ ಅವೆರಡನ್ನೂ ಕ್ಯಾಟ್‌ಗಟ್ ದಾರದಿಂದ ಹೊಲಿದರು. ಆರು ವರ್ಷದ ನಂತರ ಆತ ಕುಂಟದೆ ನಡೆಯುತ್ತಿದ್ದ. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ನಾರುಪಟ್ಟಿಯಿಂದ ಹೊಸ ಲಿಗಮೆಂಟನ್ನೇ ಕಟ್ಟಿದರು.

ಆಮೇಲೆ ಕ್ರೀಡಾಪಟುಗಳ ಕಾಲ ಬಂತು. ನಲವತ್ತು ದಾಟಿದವರಿಗೆ ವ್ಯಾಯಾಮ, "ಹುಷಾರಾಗಿರಿ"... ಅಷ್ಟೇ. 52ರ ನಮ್ಮ ಚಿಕ್ಕಪ್ಪನಿಗೂ ಸಿಕ್ಕ ಉತ್ತರ ಅದೇ. ವ್ಯಾಯಾಮದಿಂದಲೇ ಸರಿಹೋಗುವವರು ಬಹಳ ಜನ ಇದ್ದಾರೆ, ನಿಜ. ಆದರೆ ಈಗ ವೈದ್ಯರು ವಯಸ್ಸಿಗಿಂತ ಹೆಚ್ಚಾಗಿ ಕೀಲು ಎಷ್ಟು ಸವೆದಿದೆ, ಮಂಡಿ ಜಾರುತ್ತದೆಯೇ, ಮಾಡುವ ಕೆಲಸವೇನು ಅಂತ ನೋಡುತ್ತಾರೆ. ನಿಮ್ಮ ಮನೆಯ ಹಿರಿಯರ ಜೊತೆ ಹೋದಾಗ ಈ ಮೂರನ್ನೂ ತಪ್ಪದೆ ಕೇಳಿ.