ಪದ ಪರಿಚಯ: ವಿಕಿರಣ

ಸಂಸ್ಕೃತದ 'ಕೄ' ಧಾತುವಿಗೆ ಚೆಲ್ಲು, ಎರಚು ಎಂಬ ಅರ್ಥ. ಕಿರಣ, ಪ್ರಕೀರ್ಣ, ಸಂಕೀರ್ಣ ಎಲ್ಲವೂ ಅದರ ಕುಡಿಗಳು. 'ವಿ' ಸೇರಿದ ವಿಕಿರಣವೆಂದರೆ ಸುತ್ತಲೂ ಚೆಲ್ಲುವಿಕೆ. ವಿಜ್ಞಾನ ಬರಹದಲ್ಲಿ ಅದು ಶಕ್ತಿಯ ಹರಡುವಿಕೆ. ತಾನಾಗಿಯೇ ವಿಕಿರಣ ಸೂಸುವ ಗುಣಕ್ಕೆ 'ವಿಕಿರಣಶೀಲತೆ' ಎಂಬ ಬೇರೆ ಪದವಿದೆ. ಎರಡನ್ನೂ ಒಂದೇ ಎಂಬಂತೆ ಬಳಸುವುದರಿಂದಲೇ 'ವಿಕಿರಣಕ್ಕೆ ಒಡ್ಡಿದ ಬೀಜ' ಎಂದೊಡನೆ ವಿಷದ ಬೀಜವೆಂಬ ಅಂಜಿಕೆ ಹುಟ್ಟುತ್ತದೆ. ಕೋಬಾಲ್ಟ್-60 ವಿಕಿರಣಶೀಲ, ನಿಜ. ಅದರ ಗಾಮಾ ಕಿರಣ ಹಾದುಹೋದ ಭತ್ತದ ಕಾಳು ಹಾಗಲ್ಲ. ಆ ಕಿರಣಗಳು ಕಾಳಿನ ಡಿಎನ್‌ಎಯನ್ನು ತುಂಡರಿಸಬಲ್ಲವು. ಕಾಳನ್ನೇ ವಿಕಿರಣಶೀಲವಾಗಿಸುವಷ್ಟು ಶಕ್ತಿ ಅವಕ್ಕಿಲ್ಲ.

ಹಾಗಾದರೆ ಅಪಾಯವೇ ಇಲ್ಲವೇ ಎಂದರೆ, ಬೀಜದ ಮಟ್ಟಿಗೆ ಇದೆ. ಎಲ್ಲವೂ 'ಗ್ರೇ' ಮಾನದಲ್ಲಿ ಅಳೆಯುವ ಪ್ರಮಾಣದ ಮಾತು. ಪ್ರಮಾಣ ಅತಿಯಾದ ಗೋಧಿ ನೀರು ಹೀರಿ ಉಬ್ಬುತ್ತದೆ, ಮೊಳಕೆಯನ್ನೂ ತೋರುತ್ತದೆ. ಆದರೆ ಅದು ಇದ್ದ ಜೀವಕೋಶಗಳೇ ಹಿಗ್ಗಿ ಬಂದ ಮೊಳಕೆ. ಕೋಶವಿಭಜನೆ ನಿಂತಿರುವುದರಿಂದ ಸಸಿ ಅಲ್ಲಿಗೇ ಮುರುಟುತ್ತದೆ. ಪ್ರಮಾಣ ಹದವಾಗಿದ್ದರೆ ಗಿಡ ಬದುಕಿ, ಮುಂದಿನ ಪೀಳಿಗೆಯಲ್ಲಿ ಹೊಸ ಗುಣ ಕಾಣಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಬಿಡುಗಡೆಯಾದ ಗಿಡ್ಡ ಭತ್ತ 'ಕ್ಯಾಲ್‌ರೋಸ್ 76' ಬಂದದ್ದು ಹೀಗೆ. ಅಲ್ಪ ಪ್ರಮಾಣ ಮೊಳಕೆಯನ್ನು ಚುರುಕುಗೊಳಿಸುತ್ತದೆ ಎಂಬ ವಾದವೂ ಉಂಟು. ಫಲಿತಾಂಶ ಬೆಳೆಯಿಂದ ಬೆಳೆಗೆ, ಬೀಜದ ತೇವಾಂಶಕ್ಕೆ ತಕ್ಕಂತೆ ಬದಲಾಗುವುದರಿಂದ ಅದನ್ನು ನಿಯಮವೆನ್ನಲಾಗದು. ಆದ್ದರಿಂದ ಬರೆಯುವವರು 'ವಿಕಿರಣಶೀಲ ಬೀಜ' ಎನ್ನದೆ 'ವಿಕಿರಣಕ್ಕೆ ಒಡ್ಡಿದ ಬೀಜ' ಎನ್ನಲಿ. ಎಷ್ಟು ಗ್ರೇ ಎಂಬುದನ್ನೂ ಜೊತೆಗೇ ಹೇಳಲಿ.