ವಿದ್ಯಾರ್ಥಿವೇತನವೂ ವಾರ್ತಾವೃತ್ತಿಯೂ: ಚಿತ್ರದುರ್ಗ ಸೀಮೆಯ ಹೆಣ್ಣುಮಕ್ಕಳನ್ನು ಕುರಿತು ಒಂದು ಪರಾಮರ್ಶೆ

ಹೆಣ್ಣುಮಕ್ಕಳ ವಿದ್ಯೆಗೆ ಆಶ್ರಯವೀಯುವ ಪದ್ಧತಿಯು ಮೈಸೂರು ಸೀಮೆಗೆ ಹೊಸದಲ್ಲ. 1881ರಲ್ಲಿ ಮೈಸೂರು ನಗರದಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು 1901ರಲ್ಲಿ ಕಾಲೇಜಿನ ಮಟ್ಟಕ್ಕೇರಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ‘ವಾಣೀವಿಲಾಸ’ವೆಂಬ ಅಭಿಧಾನವೇ ಹಿರಿಯೂರಿನ ಸಮೀಪ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ಜಲಾಶಯಕ್ಕೆ ಸಂದಿದೆ. ಕಣಿವೆಯ ನೀರು ಹಿರಿಯೂರಿನ ತೋಟಗಳಿಗೆ ಹರಿದಷ್ಟು ಬೇಗನೆ ವಿದ್ಯೆಯು ಅಲ್ಲಿಯ ಮನೆಗಳ ಒಳಗಂಗಳಕ್ಕೆ ಹರಿಯಲಿಲ್ಲವೆಂಬುದು ಬೇರೆಯ ಮಾತು.

ಅಂದಿನ ಸಹಾಯಧನವು ಯಾವ ವೃತ್ತಿಗಳನ್ನು ಗುರಿಯಾಗಿಟ್ಟುಕೊಂಡಿದ್ದಿತು ಎಂಬುದನ್ನು ಇಲ್ಲಿ ಗಮನಿಸಬೇಕು. 1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯು ವೈದ್ಯವಿದ್ಯೆ ಕಲಿಯುವ ಸ್ತ್ರೀಯರಿಗೆ ನೆರವಾಯಿತು. ಉಪಾಧ್ಯಾಯಿನಿಯರ ಅಗತ್ಯವನ್ನು ಸರ್ಕಾರವೂ ಕಂಡುಕೊಂಡಿತು. ಸುದ್ದಿ ಬರೆಯುವುದು ಸ್ತ್ರೀಯರ ವೃತ್ತಿಯಾಗಬಲ್ಲುದೆಂದು ಅಂದು ಯಾರೂ ಎಣಿಸಿದಂತೆ ತೋರುವುದಿಲ್ಲ.

ಆದುದರಿಂದ ಈ ಕ್ಷೇತ್ರಕ್ಕೆ ಮೊದಲು ಕಾಲಿಟ್ಟವರು ವೇತನ ಪಡೆದು ಬಂದವರಲ್ಲ. ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲಿಯೇ ವಿಧವೆಯಾದವರು. ಓದಿದುದು ಮನೆಯಲ್ಲಿ, ಬೆಂಬಲವಾಗಿ ನಿಂತವರು ವಕೀಲರಾಗಿದ್ದ ತಂದೆ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಅನಂತರ ‘ಕರ್ನಾಟಕ ನಂದಿನಿ’ಯನ್ನು ಹೊರಡಿಸಿ, ಲೇಖಕಿ, ಸಂಪಾದಕಿ, ಪ್ರಕಾಶಕಿ ಎಲ್ಲವೂ ತಾವೇ ಆದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರದೂ ಇಂಥದೇ ವೈಧವ್ಯ, ಇಂಥದೇ ಛಲ. ಅವರು 1921ರಲ್ಲಿ ಪ್ರಾರಂಭಿಸಿದ ‘ಸರಸ್ವತಿ’ ಪತ್ರಿಕೆಯು ನಾಲ್ಕು ದಶಕಗಳ ಕಾಲ ನಡೆಯಿತು. ಎಷ್ಟೋ ಪುರುಷರ ಪತ್ರಿಕೆಗಳು ಎರಡನೆಯ ವರ್ಷವನ್ನು ಕಾಣದಿದ್ದ ಕಾಲವದು. ಇವರಿಬ್ಬರೂ ಯಾರ ಕಚೇರಿಯ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಬಾಗಿಲು ಅವರದೇ ಆಗಿದ್ದಿತು. ಪತ್ರಿಕೆಯ ಪುಟವನ್ನೇ ಇತರ ಸ್ತ್ರೀಯರಿಗೆ ಬರೆವಣಿಗೆಯ ಪಾಠಶಾಲೆಯನ್ನಾಗಿ ಮಾಡಿದುದು ಇವರ ಹೆಗ್ಗಳಿಕೆ. ಇಂದು ‘ಮಾರ್ಗದರ್ಶನ’ವೆಂದು ನಾವು ಕರೆಯುವುದು ಆ ಹೆಸರಿಲ್ಲದೆಯೇ ಅಲ್ಲಿ ನಡೆಯಿತು.

ದೂರದರ್ಶನವು ಈ ಮಾರ್ಗವನ್ನು ಮುಚ್ಚಿತೆಂದೇ ಹೇಳಬೇಕು. 1975–76ರ ಉಪಗ್ರಹ ಪ್ರಯೋಗವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಚಿತ್ರವನ್ನು ತಂದಿತು. 1981ರಲ್ಲಿ ಬೆಂಗಳೂರು ಕೇಂದ್ರವು ಪ್ರಸಾರವನ್ನಾರಂಭಿಸಿತು. 1994ರಲ್ಲಿ ಉದಯ ಟಿವಿಯೊಡನೆ ಖಾಸಗಿ ವಾಹಿನಿಗಳ ಕಾಲ ಬಂದಿತು. ಮಾಸಪತ್ರಿಕೆಯೊಂದನ್ನು ನಂಜನಗೂಡಿನ ಮನೆಯಿಂದ ನಡೆಸಬಹುದು. ವಾರ್ತಾವಾಹಿನಿಯನ್ನು ಹೊಳಲ್ಕೆರೆಯ ಮನೆಯಿಂದ ನಡೆಸಲಾಗದು. ಕ್ಯಾಮೆರಾ, ಸ್ಟುಡಿಯೋ, ಸಂಕಲನದ ಕೊಠಡಿ ಎಲ್ಲವೂ ರಾಜಧಾನಿಯಲ್ಲಿ ನೆಲಸಿದುವು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಹೊಳಲ್ಕೆರೆ, ಹೊಸದುರ್ಗಗಳಿಗೆ ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಅನುಕೂಲವುಂಟು. ಹಿರಿಯೂರಿನವಳು ಬಸ್ಸನ್ನೇ ನೆಚ್ಚಿಕೊಳ್ಳಬೇಕಾಯಿತು. ರಾತ್ರಿಯ ಪಾಳಿ ಮುಗಿಸಿ ಆಕೆ ತಂಗುವುದೆಲ್ಲಿ ಎಂಬ ಪ್ರಶ್ನೆಯನ್ನು ತಾಯಿತಂದೆಗಳು ಮೊದಲು ಕೇಳುತ್ತಾರೆ. ಕೇಳುವುದು ತಪ್ಪೆಂದು ನಾನು ಭಾವಿಸುವುದಿಲ್ಲ.

ತರಗತಿಯಾದರೋ ಕ್ರಮಕ್ರಮವಾಗಿ ಹತ್ತಿರ ಬಂದಿತು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮ ಶಿಕ್ಷಣ ಮೊದಲಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪಿತವಾದುವು. ಸಿರಿಗೆರೆಯಂಥ ಕಡೆಗಳ ವಿದ್ಯಾರ್ಥಿನಿಲಯಗಳು ಅನ್ನ ವಸತಿಗಳನ್ನು ಒದಗಿಸಿದುವು. 1944ರಷ್ಟು ಹಿಂದೆಯೇ ಪರಿಶಿಷ್ಟ ಜಾತಿಯವರಿಗೆ ಆರಂಭವಾಗಿದ್ದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಮುಂದೆ ಇತರ ವರ್ಗಗಳಿಗೂ ಬೇರೆಬೇರೆ ರೂಪದಲ್ಲಿ ವಿಸ್ತರಿಸಿತು. ಆದರೆ ಈ ವೇತನಗಳೆಲ್ಲ ವ್ಯಾಸಂಗದ ಅವಧಿಯೊಡನೆ ಮುಗಿಯತಕ್ಕವು. ವೃತ್ತಿಯ ಬಾಗಿಲಾದರೋ ಪದವಿಯ ಅನಂತರದ ಕೆಲವು ತಿಂಗಳುಗಳಲ್ಲಿ, ಸಂಬಳವಿಲ್ಲದೆ ಅಥವಾ ಅಲ್ಪ ಭತ್ಯೆಗೆ ದುಡಿಯುವ ಉಮೇದುವಾರಿಯಲ್ಲಿ ಇರುವುದು. ಬೆಂಗಳೂರಿನಲ್ಲಿ ನಂಟರಿರುವವಳು ಆ ತಿಂಗಳುಗಳನ್ನು ದಾಟುತ್ತಾಳೆ, ಇಲ್ಲದವಳು ಬಿ.ಎಡ್. ಅರ್ಜಿ ಹಾಕುತ್ತಾಳೆ.

ಈ ಕಂದರವನ್ನು ಗುರುತಿಸಿದ ಪ್ರಯತ್ನಗಳು ಇಲ್ಲದಿಲ್ಲ. ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಪತ್ರಿಕೋದ್ಯಮ ಪದವೀಧರರಿಗೆ ರಾಜ್ಯ ಸರ್ಕಾರವು ಶಿಷ್ಯವೇತನ ಸಹಿತವಾದ ತರಬೇತಿಯನ್ನು ಏರ್ಪಡಿಸಿದೆ. 2002ರಲ್ಲಿ ರೂಪುಗೊಂಡ ಭಾರತದ ಮಾಧ್ಯಮ ಮಹಿಳೆಯರ ಜಾಲವು ವೃತ್ತಿಯಲ್ಲಿರುವವರು ಪರಸ್ಪರ ಆಸರೆಯಾಗುವ ದಾರಿಯನ್ನು ತೋರಿತು. ಇವೆರಡನ್ನೂ ಕೂಡಿಸಿ, ವೇತನದ ಜೊತೆಗೆ ವೃತ್ತಿನಿರತಳಾದ ಹಿರಿಯಳೊಬ್ಬಳನ್ನೂ ಗೊತ್ತುಮಾಡುವುದು ಯುಕ್ತವೆಂದು ನನ್ನ ಅಭಿಪ್ರಾಯ. ಹಣ ಮಾತ್ರದಿಂದ ಸುದ್ದಿಯ ಮೂಲ ತಿಳಿಯದು, ಸಭೆಯಲ್ಲಿ ಮೊದಲ ಪ್ರಶ್ನೆ ಕೇಳುವ ಧೈರ್ಯವೂ ಬಾರದು.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂಬುದೂ ಇಲ್ಲ. ಭದ್ರಾ ಮೇಲ್ದಂಡೆಯ ನೀರು, ಚಳ್ಳಕೆರೆಯ ಶೇಂಗಾ, ಹೊಳಲ್ಕೆರೆಯ ಒಣಗಿದ ಅಡಕೆ ತೋಟ, ಇವು ಜಿಲ್ಲೆಯಲ್ಲಿಯೇ ಹುಟ್ಟುವ ಸುದ್ದಿಗಳು. ಇವನ್ನು ಚಿತ್ರೀಕರಿಸಿ ಕಳುಹಿಸುವ ಜಿಲ್ಲಾ ವರದಿಗಾರನ ಹುದ್ದೆಗೆ ತರಬೇತಿಯನ್ನು ದುರ್ಗದಲ್ಲಿಯೇ ಕೊಡಬಹುದು. ಕೈಯಲ್ಲಿ ಹಿಡಿಯುವ ದೂರವಾಣಿಯೇ ಈಗ ಕ್ಯಾಮೆರಾ ಆಗಿರುವುದರಿಂದ ಇದಕ್ಕೆ ಬೇಕಾದ ವೆಚ್ಚವು ಒಂದು ವರ್ಷದ ವಸತಿಯ ಖರ್ಚಿಗಿಂತ ಹೆಚ್ಚಾಗಲಾರದು.