ಮೊದಲ ಮನೆಯ ತೆರಿಗೆ ವಿನಾಯಿತಿ ಯಾರಿಗೆ ಸಿಕ್ತು?



ಕೋಣನಕುಂಟೆ ಕ್ರಾಸ್‌ಗೆ 2021ರಲ್ಲಿ ಮೆಟ್ರೋ ಬಂತು. ಕನಕಪುರ ರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟುಗಳು. ಅವಕ್ಕೆ ಗಾರೆ ಹೊತ್ತ, ಅವುಗಳ ಮುಂದೆ ಕಸ ಗುಡಿಸುವ ನಮ್ಮ ಜನರಿಗೆ 'ಮೊದಲ ಮನೆ'ಯ ತೆರಿಗೆ ವಿನಾಯಿತಿಯಲ್ಲಿ ಸಿಕ್ಕಿದ್ದೇನು?

2013ರ ಬಜೆಟ್ಟಿನಲ್ಲಿ ಚಿದಂಬರಂ, 25 ಲಕ್ಷದೊಳಗಿನ ಸಾಲದ ಬಡ್ಡಿಗೆ 1 ಲಕ್ಷ ಹೆಚ್ಚುವರಿ ಕಡಿತ ಕೊಟ್ರು. 2016ರಲ್ಲಿ ಜೇಟ್ಲಿ, 35 ಲಕ್ಷದೊಳಗಿನ ಸಾಲಕ್ಕೆ ವರ್ಷಕ್ಕೆ 50 ಸಾವಿರ ಅಂದ್ರು. 2019ರ ಜುಲೈನಲ್ಲಿ ನಿರ್ಮಲಾ ಸೀತಾರಾಮನ್ (ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು) 45 ಲಕ್ಷದೊಳಗಿನ ಮನೆಗೆ ಇನ್ನೂ 1.5 ಲಕ್ಷ ಸೇರಿಸಿದರು.

ಲೆಕ್ಕ ಹಾಕಿ. 30% ತೆರಿಗೆ ಕಟ್ಟೋರಿಗೆ ಈ 1.5 ಲಕ್ಷದಿಂದ 45 ಸಾವಿರ ಉಳೀತು. ಅದೇ ವರ್ಷ 5 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಪೂರ್ತಿ ಮಾಫಿ. ಅಂದ್ರೆ ಪೌರಕಾರ್ಮಿಕರಿಗೆ ಉಳಿದದ್ದು ಸೊನ್ನೆ. ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಅದೂ ಬ್ಯಾಂಕ್ ಸಾಲ ಇದ್ರೆ ಮಾತ್ರ. ಕೈಸಾಲ, ಚೀಟಿ ದುಡ್ಡಲ್ಲಿ ಎಬ್ಬಿಸಿದ ಗೋಡೆ ಲೆಕ್ಕಕ್ಕಿಲ್ಲ. (ಆವಾಸ್ ಯೋಜನೆ ಸಬ್ಸಿಡಿ ಬೇರೆ ಕಥೆ, ಇನ್ನೊಮ್ಮೆ ಬರೀತೀನಿ.)

ನಾವು ತೆರಿಗೆ ಕಟ್ಟೋದಿಲ್ಲ ಅಂತೀರಾ? ಶೀಟಿನ ಮನೆಗೆ ತಂದ ಸಿಮೆಂಟ್ ಮೂಟೆಗೂ ಆಗ 28% ಜಿಎಸ್‌ಟಿ ಕಟ್ಟಿದ್ದೀವಿ. ರಾಜ್ಯದ 5 ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳ ಸಂಸದರೇ, ಮೊದಲ ಮನೆ ಕಟ್ಟಿಕೊಂಡ ಬಡವರಿಗೆ ಆ ತೆರಿಗೆ ವಾಪಸ್ ಕೊಡಿ ಅಂತ ಲೋಕಸಭೆಯಲ್ಲಿ ಕೇಳ್ತೀರಾ?